ಏಳಿಲ್ಲದ ಎಂಟು

ಕಾಸಿಮಸಾಬ ತೀರಿಕೊಂಡ ಸುದ್ದಿ ಬಂದಾಗ ನಾನು ಪೂಜೆಗೆ ಕುಳಿತಿದ್ದೆ. ಅಂಗೈಯಲ್ಲಿ ಲಿಂಗವಿತ್ತು, ಮನಸ್ಸಿನಲ್ಲಿ ಸಿಟ್ಟಿತ್ತು. ಹಿಂದಿನ ಸಂಜೆ ಅವನು ಬರುತ್ತೇನೆಂದು ಹೋದವನು ಬಂದಿರಲಿಲ್ಲ. ಬಂದರೆ ಯಾವ ಮಾತಿನಿಂದ ಬಯ್ಯಬೇಕು ಎಂದು ಜೋಡಿಸಿಕೊಳ್ಳುತ್ತಲೇ ವಿಭೂತಿ ಹಚ್ಚಿಕೊಂಡೆ. ಅಂಥ ಪೂಜೆ ದೇವರಿಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಮಾಡಿದೆ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಬಬಲೇಶ್ವರದ ಸಿನಿಮಾ ಶೆಡ್ಡಿನಲ್ಲಿ ಯಂತ್ರ ನಡೆಸುವ ಅಮಸಿದ್ದ.

"ಮಾಸ್ತರ, ಹೊರಗ ಬರ್ರಿ."

"ಪೂಜಿ ಮುಗೀಲಿ, ನಿಂದ್ರು."

"ನಿಂದ್ರಾಂಗಿಲ್ರಿ. ಕಾಸಿಮಣ್ಣ ಹೋಗ್ಯಾನ್ರಿ."

"ಎಲ್ಲಿಗೆ ಹೋಗ್ಯಾನ? ನಿನ್ನಿಯಿಂದ ಅದನ್ನ ಕೇಳಾಕತ್ತೇನಿ ನಾ!"

ಅವನು ಹೆಗಲಿನಿಂದ ಒಂದು ದುಂಡನೆಯ ಬಟ್ಟೆಯ ಚೀಲ ಇಳಿಸಿ ನಮ್ಮ ಕಟ್ಟೆಯ ಮೇಲೆ ಇಟ್ಟ. ಒಳಗೆ ತಗಡಿನ ಡಬ್ಬಿ ಇದ್ದುದು ಸಪ್ಪಳದಿಂದ ತಿಳಿಯಿತು. ಚೀಲದ ಒಂದು ಬದಿಗೆ ಮಣ್ಣು ಮೆತ್ತಿತ್ತು. ಆಗ ನನಗೆ ಅವನ ಮಾತು ಅರ್ಥವಾಯಿತು.

ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಅಡ್ಡದಾರಿಯಲ್ಲಿ ರಸ್ತೆ ಕೆಲಸಕ್ಕೆ ಖಡಿ ಕಲ್ಲು ಒಟ್ಟಿದ್ದರು. ಕತ್ತಲಲ್ಲಿ ಅದರ ಮೇಲೆ ಮೋಟಾರಸೈಕಲ್ಲು ಹತ್ತಿ ಕಾಸಿಮ ತೆಗ್ಗಿಗೆ ಬಿದ್ದಿದ್ದ. ಬೆಳಗಿನ ಜಾವ ಕುರಿ ಹೊಡೆದುಕೊಂಡು ಬಂದವರು ನೋಡಿದರು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಚೀಲ ಮಾತ್ರ ಎದೆಯ ಮೇಲೆ, ಎರಡೂ ಕೈಯೊಳಗೆ.

"ಡಬ್ಬಿಗೆ ಏನೂ ಆಗಿಲ್ರಿ," ಎಂದ ಅಮಸಿದ್ದ. ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿ, ಮುಖ ಆಚೆ ತಿರುಗಿಸಿದ.

ಇದು ಸಾವಿರದೊಂಬೈನೂರ ಎಪ್ಪತ್ತಾರರ ಮಾತು, ಶಿವರಾತ್ರಿ ಕಳೆದು ಎಂಟು ದಿನವಾಗಿತ್ತು. ಅದನ್ನು ಬರೆಯುವ ಮೊದಲು ಆ ಚೀಲದ ವಿಷಯ ಹೇಳಬೇಕು. ಅದಕ್ಕಿಂತ ಮೊದಲು, ದೇವರ ಪೂಜೆ ಮಾಡಿಕೊಂಡಿದ್ದ ನಾನು ಸಿನಿಮಾ ಡೇರೆಗೆ ಹೇಗೆ ಹೋದೆ ಎಂಬುದನ್ನು ಹೇಳಬೇಕು.

ನಾನು ಟಿಕೋಟಾದ ಕನ್ನಡ ಸಾಲೆಯಲ್ಲಿ ಮೂವತ್ತೆರಡು ವರ್ಷ ಕಲಿಸಿದವನು. ಗುರಲಿಂಗಪ್ಪ ಮಾಸ್ತರ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುತ್ತಿದ್ದೆ. ಊರ ಹೊರಗೆ ಡೇರೆ ಹಾಕಿ ಸಿನಿಮಾ ತೋರಿಸುವ ಶಂಕರೆಪ್ಪ ಒಂದು ದಿನ ನಮ್ಮ ಮನೆಗೆ ಬಂದ. ಬಬಲೇಶ್ವರದ ತಗಡಿನ ಶೆಡ್ಡೂ ಅವನದೇ.

"ಮಾಸ್ತರ, ಒಂದು ಕರಾಟೆ ಪಿಚ್ಚರ್ ತಂದೇನ್ರಿ. ಹಾಂಗ್‌ಕಾಂಗಿಂದು. ಮಾತೆಲ್ಲಾ ಇಂಗ್ಲೀಷು. ನಮ್ಮ ಮಂದಿಗಿ ತಿಳಿಯೂದಿಲ್ಲ. ನೀವು ಮೈಕ್ ಹಿಡದು ಪುರಾಣ ಹೇಳಿದಂಗ ಹೇಳ್ರಿ."

"ನನಗೂ ಅವರ ಇಂಗ್ಲೀಷು ತಿಳಿಯಾಂಗಿಲ್ಲೋ."

"ಯಾರಿಗಿ ತಿಳೀತೈತ್ರಿ? ಬಾಯಿ ಒಂದು ಕಡಿ, ಮಾತು ಒಂದು ಕಡಿ. ನೀವು ಹೇಳಿದ್ದ ಖರೆ."

ವಿಜಾಪುರದ ಸ್ಟೇಷನ್ ರಸ್ತೆಯ ಏಜೆಂಟರು ಚಿತ್ರದ ಜೊತೆ ಕಥಾಸಾರದ ಒಂದು ಹಾಳೆ ಕೊಟ್ಟಿದ್ದರು. ಅದನ್ನು ನಿಘಂಟು ಹಿಡಿದು ಓದಿದೆ. ತಂದೆಯನ್ನು ಕೊಂದವರನ್ನು ಹುಡುಕಿಕೊಂಡು ಮಗ ಹೋಗುತ್ತಾನೆ, ಇಷ್ಟೇ. ಅದನ್ನಾದರೂ ಸರಿಯಾಗಿ ಮಾಡಿದ್ದರೆ ಆಗುತ್ತಿತ್ತು. ಮೂರನೆಯ ರೀಲಿನಲ್ಲಿ ಸತ್ತ ಮನುಷ್ಯ ಐದನೆಯ ರೀಲಿನಲ್ಲಿ ಚಹಾ ಕುಡಿಯುತ್ತ ಕೂತಿರುತ್ತಾನೆ. ಮೊದಲ ದಿನ ಗಾಬರಿಯಾಗಿ, ಅವನು ಸತ್ತವನ ಅವಳಿ ತಮ್ಮ ಎಂದು ಮೈಕಿನಲ್ಲಿ ಹೇಳಿಬಿಟ್ಟೆ. "ಮಾಸ್ತರ, ಅವಳಿ ಇದ್ದಾನಂತ ಮದಲ ಯಾಕ ಹೇಳಲಿಲ್ಲ?" ಎಂದು ಚಾಪೆಯ ಮೇಲೆ ಕೂತವರು ಕೂಗಿದರು. ಎರಡನೆಯ ದಿನದಿಂದ ಮೊದಲೇ ಹೇಳತೊಡಗಿದೆ.

ಚಿತ್ರ ಕೆಟ್ಟದ್ದು. ಆದರೆ ಅದರ ಎಂಟನೆಯ ರೀಲು ಹಾಗಲ್ಲ. ಒಂದು ಹಿಟ್ಟಿನ ಗಿರಣಿ. ಮಗ ಒಬ್ಬನೇ, ಎದುರಿಗೆ ಒಂಬತ್ತು ಜನ. ಅವನ ಕೈಯಲ್ಲಿ ಮೂಟೆ ಹೊರುವ ಕೋಲು. ಮೊದಲ ಪೆಟ್ಟಿಗೆ ಒಂದು ಚೀಲ ಒಡೆದು ಹಿಟ್ಟು ಏಳುತ್ತದೆ, ಎರಡನೆಯದಕ್ಕೆ ಇನ್ನೊಂದು. ಆಮೇಲೆ ಮನುಷ್ಯರು ಕಾಣುವುದಿಲ್ಲ, ಬಿಳಿ ಮಂಜಿನಲ್ಲಿ ಕೋಲಿನ ತುದಿ ಮಾತ್ರ ಕಾಣುತ್ತದೆ. ಒಂದು ಪೆಟ್ಟೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಹಿಟ್ಟು ಕೆಳಗೆ ಕೂತಾಗ ನಿಂತವನು ಅವನೊಬ್ಬನೇ, ಹುಬ್ಬಿನ ಮೇಲೆಲ್ಲ ಹಿಟ್ಟು, ಮುದುಕನ ಹಾಗೆ ಕಾಣುತ್ತಾನೆ. ಆ ರೀಲು ನಡೆಯುವಾಗ ನಾನು ಮೈಕನ್ನು ಕೆಳಗಿಡುತ್ತಿದ್ದೆ. ಹೇಳುವುದೇನೂ ಇರಲಿಲ್ಲ.

ಒಂದೇ ಪ್ರಿಂಟು, ಎರಡು ಊರು. ಬಬಲೇಶ್ವರದ ಶೆಡ್ಡಿನಲ್ಲಿ ಮೂರು ಗಂಟೆಗೆ ಆಟ, ಟಿಕೋಟಾದ ಡೇರೆಯಲ್ಲಿ ಕತ್ತಲಾದ ಮೇಲೆ. ಹತ್ತು ರೀಲುಗಳನ್ನು ಅಲ್ಲಿಂದ ಇಲ್ಲಿಗೆ ತರುವವನು ಕಾಸಿಮಸಾಬ. ಐವತ್ತು ದಾಟಿದ್ದ. ಮದುವೆಯಾಗಿರಲಿಲ್ಲ. ವಿಜಾಪುರದ ಜೋರಾಪುರ ಪೇಟೆಯಲ್ಲಿ ಅಕ್ಕ ಪೀರಾಂಬಿಯ ಜೊತೆ ಇದ್ದ. ಹರೆಯದಲ್ಲಿ ಲಾಠಿ ತಿರುಗಿಸುವುದರಲ್ಲಿ ಹೆಸರು ಮಾಡಿದ್ದನಂತೆ. ಈಗ ಒಂದು ಹಳೆಯ ಮೋಟಾರಸೈಕಲ್ಲಿಗೆ ಎರಡೂ ಕಡೆ ಡಬ್ಬಿ ಕಟ್ಟಿಕೊಂಡು ಓಡಾಡುತ್ತಿದ್ದ. ಮೊದಲ ಸಲ ಒಂದರಿಂದ ಐದು ತರುತ್ತಿದ್ದ. ಎರಡನೆಯ ಸಲ ಆರು, ಏಳು, ಒಂಬತ್ತು, ಹತ್ತು. ಎಂಟು ಮಾತ್ರ ಅಲ್ಲಿಯೇ ಉಳಿಯುತ್ತಿತ್ತು. ಯಾಕೆಂದರೆ ಬಬಲೇಶ್ವರದ ಮಂದಿ ನಾಟಕದಲ್ಲಿ ಕೂಗಿದ ಹಾಗೆ "ಒನ್ಸ್‌ಮೋರ್" ಎಂದು ಕೂಗಿ, ಆಟ ಮುಗಿದ ಮೇಲೆ ಎಂಟನೆಯ ರೀಲನ್ನು ಇನ್ನೊಮ್ಮೆ ಹಾಕಿಸುತ್ತಿದ್ದರು. ಅದಕ್ಕಾಗಿ ಅವನು ಮೂರನೆಯ ಸಲ ಹೋಗಿಬರಬೇಕಾಗುತ್ತಿತ್ತು.

ಹೀಗಾಗಿ ಅವನು ಚಿತ್ರವನ್ನು ಕೂತು ನೋಡಿದ್ದೇ ಇಲ್ಲ. ಒಂದೊಂದು ರೀಲಿನ ಬಾಲ ನೋಡುತ್ತಿದ್ದ, ಡಬ್ಬಿ ಕಟ್ಟುತ್ತಿದ್ದ. "ಆಮ್ಯಾಲ ಏನಾತ್ರಿ ಮಾಸ್ತರ?" ಎಂದು ನನ್ನನ್ನು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಹೇಳುವಾಗ ನಮ್ಮಿಬ್ಬರಿಗೂ ದಿನಾ ಅದೇ ವಾದ.

"ಕಥಿ ಇಲ್ಲದ ಬಡದಾಟ ಎದಕ ಬೇಕೋ? ಯಾಕ ಹೊಡ್ಯಾಕತ್ತಾನ ಅಂತ ತಿಳೀಬ್ಯಾಡೇನು?"

"ಹೊಡ್ಯೂದು ಚಂದ ಇದ್ರ ಸಾಕ್ರಿ. ಪಲ್ಲೆ ಕೆಟ್ಟೈತಂತ ರೊಟ್ಟಿ ಒಗೀತೀರೇನು?"

"ಇದು ಊಟ ಅಲ್ಲ."

"ಲಾಠಿ ತಿರುಗಸೂ ಮುಂದ ನಮ್ಮ ಉಸ್ತಾದ ಕಥಿ ಹೇಳ್ತಿದ್ದಿಲ್ರಿ ಯಪ್ಪಾ. ಕೈ ಸುಳ್ಳು ಹೇಳೂದಿಲ್ಲ ಅಂತಿದ್ದ. ಆ ಚೀನಾದಾಂವನ ಕೈ ಖರೆ ಐತಿ. ಉಳಿದಿದ್ದೆಲ್ಲಾ ಬಿಟ್ಹಾಕ್ರಿ."

ನಾನು ಬಿಡಲಿಲ್ಲ. ಪುರಾಣದಲ್ಲಿ ಒಂದು ಅಧ್ಯಾಯ ಹಾರಿಸಿದರೆ ಪಾಪ ಎಂದು ತಿಳಿದವನು ನಾನು. ಮಂದಿ ಸಿಳ್ಳೆ ಹೊಡೆಯುವುದು ಎಂಟಕ್ಕೆ, ಆದರೆ ಎಂಟಕ್ಕೆ ಅರ್ಥ ಕೊಡುವುದು ಏಳು ಎಂದು ಹೇಳುತ್ತಿದ್ದೆ. ಏಳನೆಯ ರೀಲಿನಲ್ಲಿ ತಾಯಿ ಮಗನಿಗೆ ಅಂಗಿ ಹೊಲಿಯುತ್ತ ಅಳುತ್ತಾಳೆ, ಒಬ್ಬ ಮುದುಕ ತಂದೆಯ ಸಾವಿನ ಕಥೆ ಹೇಳುತ್ತಾನೆ. ಮುದುಕನ ಗಡ್ಡ ಒಂದು ಕಡೆ ಬಿಚ್ಚಿಕೊಂಡಿರುತ್ತದೆ. ಮಂದಿ ಆಗ ಎದ್ದು ಬೀಡಿಗೆ ಹೋಗುತ್ತಿದ್ದರು. ಆದರೆ ಮೈಕಿನಲ್ಲಿ ನಾನು ಬಹಳ ಹೇಳುತ್ತಿದ್ದದ್ದು ಆ ರೀಲಿನಲ್ಲಿಯೇ. ತಾಯಿಯ ಋಣ, ಧರ್ಮ, ಕ್ಷಮೆ, ನನಗೆ ತಿಳಿದದ್ದೆಲ್ಲ ಹೇಳುತ್ತಿದ್ದೆ. ಆ ರೀಲು ನನ್ನದು ಎನ್ನುವಷ್ಟು ಅದು ನನಗೆ ಹತ್ತಿರವಾಗಿತ್ತು. ಈ ಮಾತನ್ನು ಆಗ ಯಾರಾದರೂ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಇನ್ನು ಚೀಲದ ಮಾತು. ಡಬ್ಬಿಗಳ ಮೇಲಿನ ಚೀಟಿ ಹರಿದುಹೋಗಿದ್ದವು. ಕಾಸಿಮನಿಗೆ ಕನ್ನಡ, ಇಂಗ್ಲಿಷು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಉರ್ದು ಅಂಕಿಯಷ್ಟು ಗೊತ್ತಿತ್ತು. ಅದಕ್ಕೆ ಪೀರಾಂಬಿ ಪ್ರತಿ ಡಬ್ಬಿಗೂ ರೊಟ್ಟಿಯಂತೆ ದುಂಡನೆಯ ಚೀಲ ಹೊಲಿದು, ಮೇಲೆ ಕೆಂಪು ದಾರದಿಂದ ಉರ್ದು ಅಂಕಿ ಹಾಕಿಕೊಟ್ಟಿದ್ದಳು. ಉರ್ದುವಿನಲ್ಲಿ ಏಳು ಎಂದರೆ ಎರಡು ಗೀಟು, ಎತ್ತಿನ ಕೊಂಬಿನ ಹಾಗೆ ಮೇಲೆ ತೆರೆದದ್ದು. ಎಂಟು ಅದೇ ಎರಡು ಗೀಟು, ಡೇರೆಯ ಹಾಗೆ ಕೆಳಗೆ ತೆರೆದದ್ದು. ದುಂಡನೆಯ ಚೀಲ ಮೇಜಿನ ಮೇಲೆ ಬಿದ್ದರೆ ಅದಕ್ಕೆ ತಲೆ ಯಾವುದು, ಕಾಲು ಯಾವುದು? ಪೀರಾಂಬಿ ಇದನ್ನು ತಿಳಿದೇ ಎಂಟರ ಕೆಳಗೆ ಒಂದು ಅಡ್ಡಗೀಟು ಹೊಲಿದಿದ್ದಳು. ಆ ಗೀಟಿನ ದಾರ ಬಿಚ್ಚಿಹೋಗಿತ್ತು.

ಅಂದು ಸಂಜೆ ಎರಡನೆಯ ಸಲ ಬಂದಾಗ ಕಾಸಿಮ ಏಳೆಂದು ತಿಳಿದು ಎಂಟನ್ನು ತಂದಿದ್ದ. ಶಂಕರೆಪ್ಪ ಡಬ್ಬಿ ತೆರೆದು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟ.

"ಲೇ ಕಾಸಿಮ, ಎಂಟು ತಂದೀಯಲ್ಲೋ! ಅಲ್ಲಿ ಒನ್ಸ್‌ಮೋರ್‌ಗೆ ಆ ಮುದುಕಿ ಅಳೂದನ್ನ ಹಾಕ್ಯಾನಲ್ಲೋ ಅಮಸಿದ್ದ! ಕಲ್ಲು ಒಗದಿರ್ತಾರ ಅವಂಗ!"

ಮೂವರೂ ನಕ್ಕೆವು. ನಾನೂ ನಕ್ಕೆ.

"ಛಲೋ ಆತು ಬಿಡು," ಎಂದ ಶಂಕರೆಪ್ಪ. "ಏಳು ಇಲ್ಲದಿದ್ರ ಏನೂ ಲುಕ್ಸಾನಿಲ್ಲ. ಇವತ್ತು ನಿನಗ ಮೂರನೇ ಸುತ್ತು ಇಲ್ಲ. ಆರಾಮ ಕೂಡು."

ಕಾಸಿಮ ಚಪ್ಪಲಿ ಬಿಟ್ಟು, ಮುಂದಿನ ಚಾಪೆಯ ಮೇಲೆ ಕಾಲು ಮಡಚಿ ಕೂತ. ಖಾಲಿ ಬಿಳಿ ಪರದೆಯನ್ನು ನೋಡುತ್ತ ಹೇಳಿದ: "ಹಂಗಾರ ಇವತ್ತು ಎಂಟನ್ನ ಮುಂದಿನಿಂದ ನೋಡ್ತೇನಿ. ಇಷ್ಟು ದಿನ ಬಾಲಾನ ನೋಡೇನಿ." ಆಮೇಲೆ ನನ್ನ ಕಡೆ ತಿರುಗಿದ. "ಏನ್ರಿ ಮಾಸ್ತರ, ನಡೀತೈತಿಲ್ಲ?"

ಅವನು ಕೇಳಬಾರದಿತ್ತು. ಕೇಳಿದ, ಯಾಕೆಂದರೆ ಅವನಿಗೆ ನನ್ನ ಮೇಲೆ ಗೌರವವಿತ್ತು.

"ನಡೆಯೂದಿಲ್ಲ," ಎಂದೆ. "ಮಂದಿ ಇಡೀ ಕಥಿ ನೋಡಾಕ ಬಂದಾರ. ಏಳಿಲ್ಲದ ಎಂಟು ಬರೇ ಬಡದಾಟ. ಹೋಗಿ ತೊಗೊಂಡು ಬಾ. ಇನ್ನೂ ಹೊತ್ತೈತಿ."

"ಮಾಸ್ತರ, ಯಾಕ ಬೆನ್ನು ಹತ್ತೀರಿ ಅವನ..." ಎಂದ ಶಂಕರೆಪ್ಪ.

"ಏಳು ಬರಲಿಲ್ಲಂದ್ರ ನಾ ಮೈಕ್ ಹಿಡಿಯಾಂಗಿಲ್ಲ."

ಕಾಸಿಮ ಒಂದು ಗಳಿಗೆ ಕೂತೇ ಇದ್ದ. ಆಮೇಲೆ ಎದ್ದು ಚಪ್ಪಲಿ ಹುಡುಕಿದ. "ಮಾಸ್ತರ ಅಂದ್ಮ್ಯಾಲ ಮುಗೀತಲ್ರಿ," ಎಂದು ನಗುತ್ತಲೇ ಗಾಡಿ ಒದ್ದ. ಹೊತ್ತು ಮುಳುಗುತ್ತಿತ್ತು.

ಆಟ ಶುರುವಾಯಿತು. ಆರನೆಯ ರೀಲು ಮುಗಿಯಿತು. ಅವನು ಬರಲಿಲ್ಲ. ಪರದೆ ಬೆಳ್ಳಗೆ ನಿಂತಿತು, ಮಂದಿ ಕೂಗತೊಡಗಿದರು. ನಾನು ಮೈಕಿನಲ್ಲಿ ಹೇಳಿದೆ: "ಏಳನೆಯ ರೀಲು ತರಬೇಕಾದ ಮನುಷ್ಯ ಎಲ್ಲಿಯೋ ಚಹಾದಂಗಡಿಯಲ್ಲಿ ಹರಟೆ ಹೊಡೆಯುತ್ತ ಕೂತಿದ್ದಾನೆ. ಹೊಣೆಗೇಡಿಗಳಿಗೆ ಕೆಲಸ ಕೊಟ್ಟರೆ ಹೀಗೇ ಆಗುತ್ತದೆ." ಮಂದಿ ನಕ್ಕರು. ಆ ಮಾತು ಡೇರೆಯ ಹೊರಗೆ ಕಟ್ಟಿದ ಲೌಡ್‌ಸ್ಪೀಕರಿನ ಕರ್ಣೆಯಿಂದ ಊರಿಗೆಲ್ಲ ಕೇಳಿತು.

ಶಂಕರೆಪ್ಪ ಎಂಟನ್ನು ಹಾಕಿದ. ಹಿಟ್ಟು ಎದ್ದಿತು, ಕೋಲು ತಿರುಗಿತು, ಸಿಳ್ಳೆ ಬಿದ್ದವು, ಟೋಪಿ ಹಾರಿದವು. ಏಳು ಎಲ್ಲಿ ಎಂದು ಒಬ್ಬನೂ ಕೇಳಲಿಲ್ಲ. ನಾನು ಹೊರಗೆ ಹೋಗಿ ಗಾಳಿಗೆ ನಿಂತೆ. ಕಾಸಿಮನಿಗೆ ಏನಾಯಿತೋ ಎಂಬ ಯೋಚನೆಯಿಂದ ನಾನು ಹೊರಗೆ ಬಂದದ್ದಲ್ಲ. ನನ್ನ ರೀಲು ಯಾರಿಗೂ ಬೇಕಾಗಲಿಲ್ಲ ಎಂಬ ಸಂಕಟದಿಂದ ಬಂದಿದ್ದೆ. "ಗಾಡಿ ಪಂಚರ್ ಆಗಿರಬೇಕು, ಮುಂಜಾನಿ ಬರ್ತಾನ," ಎಂದ ಶಂಕರೆಪ್ಪ. ಹುಡುಕಿಕೊಂಡು ಯಾರೂ ಹೋಗಲಿಲ್ಲ. ನನ್ನ ಮನೆಯಲ್ಲಿ ಸೈಕಲ್ಲಿತ್ತು, ಟಾರ್ಚು ಇತ್ತು.

ಪೆಟ್ಟು ಬಿದ್ದ ಮೇಲೂ ಮೂರು ನಾಲ್ಕು ತಾಸು ಜೀವ ಇದ್ದಿರಬೇಕು ಎಂದು ಮರುದಿನ ಹೆಣ ನೋಡಿದ ಡಾಕ್ಟರು ಹೇಳಿದರು.

ಮಣ್ಣಿಗೆ ನಾನು ಹೋದೆ. ಜೋರಾಪುರ ಪೇಟೆಯ ಓಣಿಯಲ್ಲಿ ಹೆಣ ಎತ್ತುವ ಮೊದಲು ಒಬ್ಬ ಹಿರಿಯರು ಮುಂದೆ ಬಂದು ಕೇಳಿದರು: "ತೀರಿಕೊಂಡಾಂವನಿಂದ ಯಾರ ಮನಸಿಗರೆ ನೋವಾಗಿದ್ರ ಮಾಫ್ ಮಾಡ್ರಿ." ಅದು ಅವರ ಪದ್ಧತಿ. ಎಲ್ಲರೂ "ಮಾಫ್" ಎಂದರು. ನಾನೂ "ಮಾಫ್" ಎಂದೆ. ಕೇಳಿಕೊಳ್ಳಬೇಕಾದವನು ನಾನು, ಕೊಟ್ಟವನ ಹಾಗೆ ನಿಂತಿದ್ದೆ. 

ಶಂಕರೆಪ್ಪ ಎಲ್ಲರಿಗೂ ಒಂದೇ ಕಥೆ ಹೇಳಿದ: ರೀಲು ಅದಲುಬದಲಾಗಿತ್ತು, ಕಾಸಿಮ ತಾನಾಗಿಯೇ ತರಲು ಹೋದ. ನನ್ನನ್ನು ಉಳಿಸಬೇಕೆಂದೇ ಹೇಳಿದನೆಂದು ನನಗೆ ಗೊತ್ತಿತ್ತು. ನಾನು ಇಲ್ಲ ಎನ್ನಲಿಲ್ಲ. ದಿನಕ್ಕೆರಡು ಸಲ ಪೂಜೆ ಮಾಡಿದೆ, ಉಪವಾಸ ಮಾಡಿದೆ, ಬಾಯಿ ಮಾತ್ರ ಬಿಡಲಿಲ್ಲ. ಡೇರೆಗೆ ಮತ್ತೆ ಹೋಗಲಿಲ್ಲ. ಚಿತ್ರ ಚೀಲಗಳ ಸಮೇತ ಏಜೆಂಟರಿಗೆ ಹೋಯಿತು. ಮಂದಿ ಎಂಟನ್ನು ಕೇಳುತ್ತಾರೆಂದು ತಿಂಗಳಲ್ಲಿ ಮತ್ತೆ ಬಬಲೇಶ್ವರಕ್ಕೆ ಬಂತು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ನನ್ನನ್ನೂ ಶಂಕರೆಪ್ಪನನ್ನೂ ಪೀರಾಂಬಿ ಕರೆದಿದ್ದಳು. ಅರವತ್ತರ ಮೇಲಿನ ಹೆಂಗಸು, ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಹೊಲಿಗೆಯಿಂದ ಬೆನ್ನು ಬಾಗಿತ್ತು. ಎಲ್ಲರೂ ಹೋದ ಮೇಲೆ ನಮ್ಮ ಮುಂದೆ ಕೂತಳು.

"ನನ್ನ ಕೈಲಿಂದ ನನ್ನ ತಮ್ಮ ಸತ್ತಾನ್ರಿ," ಎಂದಳು.

"ಏನಂತೀ ಬೇ?" ಎಂದ ಶಂಕರೆಪ್ಪ.

"'ಅಕ್ಕಾ, ಎಂಟರ ಕೆಳಗಿನ ಗೀಟು ಬಿಚ್ಚೈತಿ, ಒಂದು ಹೊಲಿಗಿ ಹಾಕು' ಅಂದಿದ್ದ. ಶುಕ್ರವಾರ ಬಂದಾಗ ಅಂದಿದ್ದ. ನಾಳಿ ಹಾಕ್ತೇನಿ ಅಂದೆ. ಕಣ್ಣು ಸೋತಿದ್ದು. ಸೂಜಿಯೊಳಗ ದಾರ ಪೋಣಸಾಕ ಬ್ಯಾಸರಾತು." ಅವಳು ತನ್ನ ಬೆರಳು ನೋಡಿಕೊಂಡಳು. "ಒಂದು ಹೊಲಿಗಿ. ಅಷ್ಟ. ಅದಿದ್ರ ಅದಲಬದಲ ಆಗ್ತಿದ್ದಿಲ್ಲ. ಅಂವ ಹೋಗ್ತಿದ್ದಿಲ್ಲ."

ನಾನು ಆಗಲೇ ಹೇಳಬೇಕಾಗಿತ್ತು. 

"ಒಂದು ಕೇಳ್ತೇನ್ರಿ ಮಾಸ್ತರ. ಆ ಏಳನೇದ್ರಾಗ ಏನೈತಿ? ಅದಿಲ್ಲದ ಆಟ ನಡೀತಿದ್ದಿಲ್ಲೇನು? ನಾ ಒಂದ ಪಿಚ್ಚರನೂ ನೋಡಿಲ್ಲ. ನಮ್ಮಾಗ ಛಲೋ ಅಲ್ಲಂತಾರ. ಆದ್ರ ಅದೊಂದು ನೋಡಬೇಕು ನನಗ. ಎದಕ ಹೋದ ಅಂತ ತಿಳೀಬೇಕು."

ಮುಂದಿನ ಸೋಮವಾರ ಮುಂಜಾನೆ ನಾನೇ ಅವಳನ್ನು ಬಸ್ಸಿನಲ್ಲಿ ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ.   ಶಂಕರೆಪ್ಪ ಅಲ್ಲಿ ಮೊದಲೇ ಬಂದಿದ್ದ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ:

"ಮಾಸ್ತರ, ಎಂಟು ತೋರಸೂಣು. ಇದ ಏಳು ಅನ್ನೂಣು. ಎಂಥಾ ಬಡದಾಟ ಐತಿ ಅದು! ತಮ್ಮ ಇಂಥಾದ್ದಕ್ಕ ಹೋದ ಅಂತರೆ ಮುದುಕಿಗಿ ಸಮಾಧಾನ ಆಕ್ಕೈತಿ. ಆ ಗಡ್ಡ ಬಿಚ್ಚಿದ ಮುದುಕನ್ನ ತೋರಿಸಿ ಏನು ಮಾಡ್ತೀರಿ?"

ನಾನು ಬೇಡ ಎನ್ನಲಿಲ್ಲ. ಅವನು ಹೇಳಿದ್ದರಲ್ಲಿ ದಯೆ ಇತ್ತು. ನನಗೆ ಅನುಕೂಲವೂ ಇತ್ತು. ಎರಡನ್ನೂ ಬೇರೆ ಮಾಡುವ ಶಕ್ತಿ ಆಗ ನನಗಿರಲಿಲ್ಲ.

ಶೆಡ್ಡಿನ ಬಾಗಿಲು ಹಾಕಿದರು. ತಗಡಿನ ತೂತುಗಳಿಂದ ಬೆಳಕಿನ ಎಳೆಗಳು ಬರುತ್ತಿದ್ದವು. ಪೀರಾಂಬಿ ಬೆಂಚಿನ ಮೇಲೆ ಕೂತುಕೊಳ್ಳಲಿಲ್ಲ, ಸೀದಾ ಯಂತ್ರದ ಹತ್ತಿರ ಹೋದಳು. ಅಮಸಿದ್ದ ಚೀಲ ಬಿಚ್ಚುತ್ತಿದ್ದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಬೆರಳಿನಿಂದ ಸವರಿದಳು.

"ಇದು ಎಂಟು ತಮ್ಮಾ. ಇಲ್ಲಿ ನೋಡು, ಗೀಟು ಬಿಚ್ಚಿದ ಸೂಜಿ ತೂತು ಅದಾವ." ಆಮೇಲೆ ಮೂವರನ್ನೂ ನೋಡಿದಳು. "ಏಳನೇದು ಹಾಕ್ರಿ."

ಏಳನೆಯದನ್ನು ಹಾಕಿದರು. ತಾಯಿ ಅಂಗಿ ಹೊಲಿದಳು, ಅತ್ತಳು. ಮುದುಕ ಬಂದ, ಗಡ್ಡ ಅಲುಗಾಡಿತು. ಆ ದಿನ ಮೈಕು ಇರಲಿಲ್ಲ. ನನ್ನ ಧರ್ಮದ ಮಾತು, ತಾಯಿಯ ಋಣದ ಮಾತು ಏನೂ ಇರಲಿಲ್ಲ. ಅವುಗಳಿಲ್ಲದೆ ಆ ರೀಲನ್ನು ನಾನು ಮೊದಲ ಸಲ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

ಪೀರಾಂಬಿ ಮುಂದೆ ಬಾಗಿ ನೋಡುತ್ತಿದ್ದಳು. "ಮಾಸ್ತರ," ಎಂದಳು, "ಆಕಿ ಸೂಜಿಯಾಗ ದಾರ ಇಲ್ರಿ."

ಹೌದು. ಅಷ್ಟು ದಿನ, ಅಷ್ಟು ಆಟ, ನಾನಾಗಲಿ ನೂರಾರು ಮಂದಿಯಾಗಲಿ ನೋಡಿರಲಿಲ್ಲ. ಆ ತಾಯಿ ಖಾಲಿ ಸೂಜಿಯನ್ನು ಬಟ್ಟೆಯೊಳಗೆ ಚುಚ್ಚಿ ಚುಚ್ಚಿ ತೆಗೆಯುತ್ತಿದ್ದಳು.

"ಬರೇ ಕೈ ಆಡಸಾಕತ್ತಾಳ," ಎಂದಳು ಪೀರಾಂಬಿ.

ಆಮೇಲೆ ಎಂಟನ್ನೂ ಹಾಕಿಸಿದಳು. ಹಿಟ್ಟು ಏಳುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ತನಗೇ ಹಿಟ್ಟು ಹಾರಿತೇನೋ ಎಂಬಂತೆ. ಕೋಲಿನ ತುದಿ ಬಿಳಿಯೊಳಗೆ ತಿರುಗುವಾಗ ಅವಳ ಬಲಗೈ ತೊಡೆಯ ಮೇಲೆ ಮೆಲ್ಲಗೆ ತಿರುಗಿತು. "ನಮ್ಮ ಕಾಸಿಮ ಹರೇದಾಗ ಹಿಂಗ ತಿರುಗಸ್ತಿದ್ದ. ಥೇಟ್ ಹಿಂಗ," ಎಂದಳು. ಹಿಟ್ಟು ಕೆಳಗೆ ಕೂತು ಅವನೊಬ್ಬನೇ ಬೆಳ್ಳಗೆ ನಿಂತಾಗ ಅವಳು ಅಳುತ್ತಿದ್ದಳು.

ಅಮಸಿದ್ದ ಬಾಗಿಲು ತೆರೆದ. ಬಿಸಿಲು ಒಳಗೆ ಬಂತು.

"ಈಗ ಹೇಳ್ರಿ ಮಾಸ್ತರ. ನಿಮಗ ತಿಳೀತೈತಿ. ಏಳಿಲ್ಲದ ಎಂಟು ನಡೀತಿದ್ದಿಲ್ಲೇನು?"

"ಎಲ್ಲಿ ನಡೀತೈತಿ ಬೇ," ಎಂದ ಶಂಕರೆಪ್ಪ ಅವಸರದಿಂದ. "ಕಥಿ ಬೇಕಲ್ಲ. ಏಳು ಬೇಕ ಬೇಕು. ಅದಕ್ಕ ಅಂವ ಹೋದ."

ಅವನು ನನಗೆ ದಾರಿ ಮಾಡಿಕೊಟ್ಟಿದ್ದ. ಹೌದು ಎಂದರೆ ಮುಗಿಯುತ್ತಿತ್ತು. ನನ್ನ ಹಳೆಯ ವಾದವೂ ಅದೇ. ಅದನ್ನೇ ಹೇಳಿದರೆ ಸುಳ್ಳು ಎಂದು ಯಾರೂ ಅನ್ನುತ್ತಿರಲಿಲ್ಲ. ಆದರೆ ಅವಳು ಆ ಒಂದು ಹೊಲಿಗೆಯನ್ನು ಹೊತ್ತುಕೊಂಡು ಕಬರಿಗೆ ಹೋಗುತ್ತಿದ್ದಳು. ದಾರವಿಲ್ಲದ ಆ ಸೂಜಿ ನನ್ನ ಕಣ್ಣ ಮುಂದೆ ಇನ್ನೂ ಆಡುತ್ತಿತ್ತು.

"ನಡೀತಿತ್ತವ್ವ," ಎಂದೆ. "ನಡೀತು. ಅವತ್ತ ನಡದೈತಿ. ಏಳು ಯಾರೂ ಕೇಳಲಿಲ್ಲ. ಚಿತ್ರ ಕೆಟ್ಟದ್ದು, ಆ ಬಡದಾಟ ಒಂದ ಅದನ್ನ ಉಳಿಸಿತ್ತು. ಕಾಸಿಮ ದಿನಾ ಹೇಳ್ತಿದ್ದ, ನಾ ಒಪ್ಪಲಿಲ್ಲ. ಅವತ್ತು ಅಂವ ನೋಡಾಕ ಅಂತ ಚಾಪಿ ಮ್ಯಾಲ ಕೂತಿದ್ದ. ನಡೀತೈತೇನ್ರಿ ಅಂತ ನನ್ನ ಕೇಳಿದ. ನಡೆಯೂದಿಲ್ಲ ಅಂದೆ. ಎಬ್ಬಿಸಿ ಕಳಿಸಿದಾಂವ ನಾ. ನಿನ್ನ ಹೊಲಿಗಿ ಅಲ್ಲ."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದನ್ನೂ ಹೇಳಿದೆ. ಮೈಕಿನಲ್ಲಿ ಹೊಣೆಗೇಡಿ ಎಂದದ್ದು, ಮಂದಿ ನಕ್ಕದ್ದು, ಸೈಕಲ್ಲು ಟಾರ್ಚು ಇದ್ದೂ ಹುಡುಕಲು ಹೋಗದೆ ಇದ್ದದ್ದು, ಆಗ ಅವನಿಗೆ ಜೀವ ಇದ್ದದ್ದು. ಹೇಳಿ ಮುಗಿಸುವಾಗ ನಾನು ನೆಲ ನೋಡುತ್ತಿದ್ದೆ.

ಪೀರಾಂಬಿ ಏಳರ ಚೀಲವನ್ನು ತೆಗೆದುಕೊಂಡು, ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು, ಬರೀ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಲವತ್ತು ದಿನ ಹೇಳಲಿಲ್ಲ ನೀವು."

"ಹೇಳಲಿಲ್ಲ."

"ನಾ ನನ್ನ ಕೈ ಮುರಕೋಬೇಕಂತ ಇದ್ದೆ."



"ಮಾಫ್ ಮಾಡವ್ವ," ಎಂದೆ.

"ನಾ ಯಾಕ ಮಾಡ್ಲಿ? ಬೈಸಿಕೊಂಡಾಕಿ ನಾ ಅಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೃದುತನವೂ ಇರಲಿಲ್ಲ. "ಅವನ ಕಡಿ ಹೋಗಿ ಹೇಳ್ರಿ. ಮೈಕಿನ್ಯಾಗ ಅಂದದ್ದನ್ನ ಮೈಕ್ ಇಲ್ಲದ ಹೇಳ್ರಿ. ಅಂವ ಏನಂತಾನೋ ಅದ ನಂದೂ."

ಅಂದೇ ಮಧ್ಯಾಹ್ನದ ಬಸ್ಸಿಗೆ ವಿಜಾಪುರಕ್ಕೆ ಹೋದೆವು. ಕಬರಸ್ತಾನದ ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಅವಳು ಕೂತಳು. ಅಲ್ಲಿಂದಲೇ ಕೈ ಮಾಡಿ ಯಾವ ಸಾಲು ಎಂದು ತೋರಿಸಿದಳು. ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಯಾರೋ ಒಂದು ಹಸಿ ಟೊಂಗೆ ನೆಟ್ಟಿದ್ದರು, ಅದು ಒಣಗಿತ್ತು. ನಾನು ಚಪ್ಪಲಿ ದೂರ ಬಿಟ್ಟು ಬಂದು ನಿಂತೆ.

ಮೂವತ್ತೆರಡು ವರ್ಷ ವರ್ಗದಲ್ಲಿ ಮಾತಾಡಿದವನಿಗೆ, ಮಠದಲ್ಲಿ ಸಾವಿರ ಜನರ ಮುಂದೆ ಪುರಾಣ ಹೇಳಿದವನಿಗೆ ಆಗ ಮಾತು ಹೊರಡಲಿಲ್ಲ. ಕಡೆಗೆ ಸಣ್ಣ ದನಿಯಲ್ಲಿ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹೇಳಿದೆ: "ಕಾಸಿಮ, ಅವತ್ತು ನೀ ಚಹಾದಂಗಡಿಯಾಗ ಇದ್ದಿಲ್ಲಪ್ಪ. ನಿನ್ನ ಮಾತು ಖರೆ ಇತ್ತು. ನಡೀತಿತ್ತು."

ಗಾಳಿ ಬೀಸಿ ಒಣಗಿದ ಟೊಂಗೆ ಅಲುಗಾಡಿತು. ಅದನ್ನು ನಾನು ಉತ್ತರವೆಂದು ತಿಳಿಯಲಿಲ್ಲ. ಅವನು ಮಾಫ್ ಮಾಡಿದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ತಿರುಗಿ ಬಂದಾಗ ಪೀರಾಂಬಿ ಮಡಚಿದ ಚೀಲವನ್ನು ಬಿಚ್ಚಿ ತೊಡೆಯ ಮೇಲೆ ಹರವಿ, ಅದಕ್ಕೆ ಮೆತ್ತಿದ ಒಣ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

ಅಂದಿನಿಂದ ಪೂಜೆಯ ಕೊನೆಗೆ ಒಂದು ಪ್ರಾರ್ಥನೆ ಸೇರಿಸಿದ್ದೇನೆ. ಅದನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಎಲ್ಲರ ಒಡೆಯನೇ, ಕಾಸಿಮಸಾಬ ನಿನ್ನನ್ನು ಅಲ್ಲಾ ಎಂದು ಕರೆದ, ನಾನು ಶಿವನೇ ಎಂದು ಕರೆಯುತ್ತೇನೆ. ಅವನಿಗಾಗಿ ಕೇಳುವುದನ್ನು ಅವನು ಕರೆದ ಹೆಸರಿನಲ್ಲಿಯೇ ಕೇಳುತ್ತೇನೆ. ಇನ್ನೊಬ್ಬರು ನೋಡಲೆಂದು ಅವನು ಹೊತ್ತು ತಂದ, ತಾನು ಬಾಲವನ್ನಷ್ಟೇ ನೋಡಿದ. ಅವನ ಕೈಯಲ್ಲಿ ಸುಳ್ಳಿರಲಿಲ್ಲ. ಈಗ ಅವನು ನಿನ್ನ ಹತ್ತಿರ ಎಲ್ಲಿ ಕೂತಿದ್ದಾನೋ ಅಲ್ಲಿಯೇ ಕೂತಿರಲಿ. ಯಾರ ಮಾತಿಗೂ ಅವನನ್ನು ಇನ್ನು ಎಬ್ಬಿಸಬೇಡ. ಅವನಿಗೆ ಶಾಂತಿ ಕೊಡು.